ಮೂವತ್ತೆಂಟು ಮನೆಯ ತುಂಡುಬಟ್ಟೆ

"ನಲವತ್ತೆರಡು!" ಎಂದು ಬಿಯಾಂಗ್ ಕೂಗಿದಳು. ಎದುರು ಮನೆಯ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ಅಳತೆಪಟ್ಟಿಯೊಳಗೆ ಸಿಕ್ಕಿಕೊಂಡು ನಿಂತಿದ್ದವನು ಬಲೊಗೊನ್ ಹಳ್ಳಿಯ ಮುಖ್ಯಸ್ಥ ಆರ್ಸೆನ್ಯೊ. ಊರವರು ಅವನನ್ನು ಕಾಪ್ ಎನ್ನುತ್ತಾರೆ. ಹಬ್ಬಕ್ಕೆ ಪ್ಯಾಂಟು ಹೊಲಿಸಲು ಬಂದಿದ್ದ.

"ಮೆಲ್ಲಗೆ, ಮನಾಯ್, ಮೆಲ್ಲಗೆ" ಎಂದು ಅಂಗೈಯಿಂದ ಗಾಳಿಯನ್ನು ಕೆಳಕ್ಕೊತ್ತಿ ತೋರಿಸಿದ.

"ಮೆಲ್ಲಗೇ ಹೇಳ್ದೆ. ಹೋದ ಹಬ್ಬಕ್ಕೆ ಮೂವತ್ತೊಂಬತ್ತಿತ್ತು. ಈ ಮೂರಿಂಚು ಎಲ್ಲಿಂದ ತಂದ್ರಿ?"

ಎದುರು ಮನೆಯವರು ಕಾಫಿ ಕೆಳಗಿಟ್ಟು ನಕ್ಕರು. ಬಿಯಾಂಗಳಿಗೆ ಆ ನಗು ಕೇಳಿಸಲಿಲ್ಲ. ಆದರೆ ಅವರ ಭುಜ ಕುಲುಕಿದ್ದು ಕಂಡಿತು, ಅಷ್ಟು ಸಾಕಾಗಿತ್ತು.

ಬಿಬಿಯಾನಾ ಒರ್ಬೆಗೆ ಈಗ ಐವತ್ತನಾಲ್ಕು. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಿವಿಗಳನ್ನು ಒಯ್ದು ಮಾತನ್ನು ಮಾತ್ರ ಬಿಟ್ಟುಹೋಯಿತು. ತನ್ನ ದನಿ ಎಷ್ಟು ದೊಡ್ಡದು ಎಂಬುದು ಅವಳಿಗೆ ತಿಳಿಯದು. ಊರಿಗೆ ಚೆನ್ನಾಗಿ ತಿಳಿದಿದೆ. ಅವಳ ಕಿವಿಯಲ್ಲಿ ಗುಟ್ಟು ಹೇಳುವವರಿಲ್ಲ, ಅವಳ ಮುಂದೆ ಗುಟ್ಟು ಮಾತಾಡುವವರೂ ಇಲ್ಲ. ಯಾಕೆಂದರೆ ಹತ್ತು ಮಾರು ದೂರದಿಂದ ತುಟಿ ಓದಬಲ್ಲಳು. ಅವಳಿಗಿಂತ ಹಿರಿಯರೂ ಅವಳನ್ನು ಮನಾಯ್, ಅಕ್ಕ, ಎಂದೇ ಕರೆಯುತ್ತಾರೆ.

ಕಾಪ್‌ನ ತುಟಿಯನ್ನು ಮಾತ್ರ ಅವಳು ಓದಲಾರಳು. ಅವನ ಮೀಸೆ ಮೇಲ್ದುಟಿಯನ್ನು ಪೂರ್ತಿ ಮುಚ್ಚಿದೆ. ಆದ್ದರಿಂದ ಮುಖ್ಯವಾದ ಮಾತಿದ್ದರೆ ಅವನು ಬರೆದುಕೊಂಡೇ ಬರುತ್ತಾನೆ. ಆ ದಿನವೂ ಜೇಬಿನಿಂದ ಒಂದು ಕಾಗದ ತೆಗೆದು, ಅವಳ ಮುಖ ನೋಡದೆ, ಹೊಲಿಗೆಯಂತ್ರದ ಮೇಲಿಟ್ಟ.

ಅದು ಪಟ್ಟಣದ ವಿಪತ್ತು ಕಚೇರಿಯ ಪತ್ರ. ನದಿಯಂಚಿನಲ್ಲಿ ಒಂಟಿಯಾಗಿರುವವರಲ್ಲಿ ಯಾರಿಗೆ ಪ್ರವಾಹದ ಎಚ್ಚರಿಕೆ ತಲುಪುವುದಿಲ್ಲವೋ ಅವರನ್ನು ಅಕ್ಟೋಬರಿನ ದೊಡ್ಡ ಗಾಳಿಗಳಿಗೆ ಮುಂಚೆ ಹೆದ್ದಾರಿಯಾಚೆಯ ಹೊಸ ಕೋಣೆಗಳಿಗೆ ಸಾಗಿಸುವುದು. ಬಲೊಗೊನ್‌ನಿಂದ ಅಂಥ ಹೆಸರು ಒಂದೇ: ಒರ್ಬೆ, ಬಿಬಿಯಾನಾ. ಸೆಪ್ಟೆಂಬರ್ ಕೊನೆಯ ಶನಿವಾರ ಇನ್ನೊಂದು ತಾಲೀಮು ನಡೆಯುತ್ತದೆ. ಅದರಲ್ಲೂ ತಲುಪದಿದ್ದರೆ ತೀರ್ಮಾನ ಅಂತಿಮ.

ಬಿಯಾಂಗ್ ಎರಡು ಸಲ ಓದಿದಳು. ಆಮೇಲೆ ಅವಳು ಹೇಳಿದ್ದನ್ನು ನದಿಯಲ್ಲಿ ದೋಣಿ ನಡೆಸುತ್ತಿದ್ದವನೂ ಕೇಳಿಸಿಕೊಂಡ.

"ನಾನಾ? ಹೋದ ತಾಲೀಮಲ್ಲಿ ಶಾಲೆ ಹತ್ರ ಬಂದಿದ್ದು ನಾನೊಬ್ಬಳೇ! ನೀವೆಲ್ಲಿದ್ರಿ, ಕಾಪ್?"

ಕಾಪ್ ತನ್ನ ಕಾಲು ನೋಡಿಕೊಂಡ. ಅಂದು ಅವನೂ ಮನೆಯಲ್ಲೇ ಇದ್ದ.

ಅವಳು ಹೇಳಿದ್ದು ನಿಜ. ಆ ತಾಲೀಮು ನಡೆದದ್ದು ಜುಲೈಯಲ್ಲಿ. ಪಂಚಾಯಿತಿ ಕಟ್ಟಡದ ಮೇಲಿನ ಸೈರನ್ ಮೂರು ಸಲ ಕೂಗಬೇಕು, ಕೂಗಿದೊಡನೆ ನದಿಯಂಚಿನ ಮೂವತ್ತೆಂಟು ಮನೆಯವರು ದಿಬ್ಬದ ಮೇಲಿನ ಶಾಲೆಗೆ ಹತ್ತಬೇಕು ಎಂದು ಏರ್ಪಾಟು. ಸೈರನ್ ಮೂರು ಸಲ ಕೂಗಿತು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡದೆ ಮನೆಗೆ ಓಡಿದರು. ತಾಯಂದಿರು ಬಾಗಿಲು ಹಾಕಿಕೊಂಡರು. ಇಸ್ಪೀಟು ಆಡುತ್ತಿದ್ದ ಗಂಡಸರು ಎಲೆ ಬಚ್ಚಿಟ್ಟು ಒಳಗೆ ಹೋದರು. ಎರಡು ನಿಮಿಷದಲ್ಲಿ ಬೀದಿ ಖಾಲಿಯಾಯಿತು.

ತಪ್ಪು ಯಾರದೂ ಅಲ್ಲ. ಅದೇ ಸೈರನ್ ಇಪ್ಪತ್ತೈದು ವರ್ಷದಿಂದ ಪ್ರತಿ ರಾತ್ರಿ ಒಂಬತ್ತಕ್ಕೆ ಕೂಗುತ್ತದೆ. ಹದಿನೆಂಟು ತುಂಬದವರು ಮನೆ ಸೇರಬೇಕೆಂಬ ನಿಯಮ ಅದು. ಈಗ ಮಕ್ಕಳ ತಂದೆತಾಯಿ ಆಗಿರುವವರೇ ಆ ದನಿಗೆ ಓಡಿ ಬೆಳೆದವರು. ಅದು ಕೂಗಿದರೆ ಬಲೊಗೊನ್‌ನ ಕಾಲು ತಾನಾಗಿ ಮನೆಯತ್ತ, ಅಂದರೆ ನದಿಯತ್ತ, ತಿರುಗುತ್ತದೆ.

ಬಿಯಾಂಗ್ ಕಿಟಕಿಯ ಪಕ್ಕ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಹಾಡುಹಗಲಲ್ಲಿ ಮಕ್ಕಳು ಹೀಗೆ ಓಡುವುದು ಅವಳಿಗೆ ವಿಚಿತ್ರವಾಗಿ ಕಂಡಿತು. ಇವತ್ತು ಏನೋ ತಾಲೀಮು ಅಂದಿದ್ದರಲ್ಲ ಎಂದು ನೆನಪಾಗಿ ದಾರ ಕಚ್ಚಿ, ಕೊಡೆ ಹಿಡಿದು ಶಾಲೆಗೆ ಹತ್ತಿದಳು. ಅಲ್ಲಿ ಪಟ್ಟಣದಿಂದ ಬಂದ ಅಧಿಕಾರಿ ಫ್ಲೋರ್ಡೆಲಿಸ್ ಒಬ್ಬಳೇ ಕುಳಿತಿದ್ದಳು, ಬಿಸ್ಕತ್ತಿನ ಮೂರು ಡಬ್ಬಗಳ ಜೊತೆ. ಇಬ್ಬರೂ ಅರ್ಧ ಗಂಟೆ ಕಾದು ಒಂದು ಡಬ್ಬ ಖಾಲಿ ಮಾಡಿದರು.

ಮರುದಿನ ಫ್ಲೋರ್ಡೆಲಿಸ್ ಮನೆಮನೆಗೆ ಹೋಗಿ ನಮೂನೆ ತುಂಬಿದಳು. ಅದರಲ್ಲಿದ್ದ ಪ್ರಶ್ನೆ: ಸೈರನ್ ಕೇಳಿಸಿತೇ? ಮೂವತ್ತೇಳು ಮನೆಯವರು ಹೌದು ಎಂದರು. ಬಿಯಾಂಗ್ ಇಲ್ಲ ಎಂದಳು. ಹಾಗಾಗಿ ಕಚೇರಿಯ ಲೆಕ್ಕದಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಊರಿಗೆ ಎಚ್ಚರಿಕೆ ತಲುಪಿತು, ಶಾಲೆಯಲ್ಲಿ ಬಿಸ್ಕತ್ತು ತಿಂದವಳಿಗೆ ತಲುಪಲಿಲ್ಲ.

ಹೆದ್ದಾರಿಯಾಚೆಯ ಕೋಣೆಗಳನ್ನು ಬಿಯಾಂಗ್ ನೋಡಿದ್ದಾಳೆ. ಗೋಡೆ ಗಟ್ಟಿಯಾಗಿದೆ, ನಲ್ಲಿಯಿದೆ. ಅವಳಿಗೆ ಅದರ ಮೇಲೆ ದ್ವೇಷವೇನಿಲ್ಲ. ಆದರೆ ಬಲೊಗೊನ್‌ನವರು ಅವಳಿಗೆ ಬೆನ್ನು ಕೊಟ್ಟು ಮಾತಾಡುವುದಿಲ್ಲ. ಎದುರು ಬಂದು, ಬೆಳಕಿನಲ್ಲಿ ನಿಂತು, ಬಾಯೊಳಗಿನ ಅನ್ನ ನುಂಗಿ ಆಮೇಲೆ ಮಾತಾಡುತ್ತಾರೆ. ಇದನ್ನು ಊರಿಗೆ ಕಲಿಸಲು ನಲವತ್ತು ವರ್ಷ ಹಿಡಿದಿದೆ. ಹೊಸ ಜಾಗದಲ್ಲಿ ಮತ್ತೆ ನಲವತ್ತು ವರ್ಷ ಅವಳ ಹತ್ತಿರ ಇಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಪಂಚಾಯಿತಿಯಲ್ಲಿ ಸಭೆ ಸೇರಿತು. ಫ್ಲೋರ್ಡೆಲಿಸ್ ತಲೆತಗ್ಗಿಸಿ ಕಾಗದ ನೋಡಿಕೊಂಡೇ ಮಾತಾಡುತ್ತಿದ್ದಳು. ಬಿಯಾಂಗ್ ಎದ್ದು ಹೋಗಿ, ತನ್ನ ಮರದ ಅಳತೆಕೋಲಿನಿಂದ ಅವಳ ಗಲ್ಲ ಮೇಲಕ್ಕೆತ್ತಿದಳು.

"ಇಲ್ಲಿ ನೋಡ್ಕೊಂಡು ಹೇಳು ಮಗಳೇ. ಕಾಗದಕ್ಕೆ ಕಿವಿ ಇಲ್ಲ, ನನಗೂ ಇಲ್ಲ."

ಸಭೆ ನಕ್ಕಿತು. ಇಪ್ಪತ್ತೊಂಬತ್ತು ವರ್ಷದ ಅಧಿಕಾರಿ ಕೆಂಪಾದಳು. ಆದರೆ ಗಲ್ಲ ಇಳಿಸಲಿಲ್ಲ.

"ಮನಾಯ್, ನಿಮ್ಮನ್ನ ಓಡಿಸ್ಬೇಕು ಅಂತಲ್ಲ. ಹೋದ ವರ್ಷ ಕೆಳಗಿನ ಹಳ್ಳೀಲಿ ಕಿವಿ ಕೇಳದ ಅಜ್ಜ ಒಬ್ರು ಮನೇಲೇ ಉಳಿದುಬಿಟ್ರು. ನೀರಿಳಿದ ಮೇಲೆ ಸಿಕ್ರು. ಅದಕ್ಕೇ ಹೆದರಿಕೆ." ಅವಳು ಕಾಗದ ಮಡಚಿದಳು. "ಮುಂದಿನ ವರ್ಷ ಕಚೇರಿಯಿಂದ ಮಿನುಗೋ ದೀಪ ಬರುತ್ತೆ. ಗೋಡೆಗೆ ಹಾಕೋದು."

"ಮ್ಯಾಡಂ, ನಮ್ಮಲ್ಲಿ ಗಾಳಿ ಬರೋಕೆ ಮುಂಚೆ ಕರೆಂಟು ಹೋಗುತ್ತೆ" ಎಂದ ಗೊರ್ಯೊ. ಅವನು ಬಿಯಾಂಗಳ ಪಕ್ಕದ ಮನೆಯವನು, ಬೆಳಿಗ್ಗೆ ಸೈಕಲ್ ಮೇಲೆ ಬಿಸಿ ಬನ್ನು ಮಾರುವವನು. "ಗಾಳಿ ಬರುತ್ತೆ ಅಂತ ನಮಗೆ ಗೊತ್ತಾಗೋದೇ ಕರೆಂಟು ಹೋದಾಗ."

"ಮತ್ತೆ ನೀವು ಏನು ಮಾಡ್ತೀರಾ?"

"ನಾಲ್ಕು ವಾರ ಕೊಡಿ" ಎಂದಳು ಬಿಯಾಂಗ್. ಚರ್ಚಿನ ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿದವು.

ಮೊದಲ ಪ್ರಯೋಗ ಗೊರ್ಯೊನ ತುತ್ತೂರಿಯದು. ಸೈಕಲ್ಲಿನ ಹಿಡಿಗೆ ಕಟ್ಟಿದ ರಬ್ಬರ್ ಉಂಡೆಯ ತುತ್ತೂರಿ ಅದು. ಪೊಟ್ ಪೊಟ್ ಎಂದರೆ ಇಡೀ ಬೀದಿ ಹಾಸಿಗೆ ಬಿಟ್ಟು ಹೊರಬರುತ್ತದೆ. ಸೈರನ್ ಜನರನ್ನು ಒಳಗೆ ಕಳಿಸುತ್ತದೆ, ತುತ್ತೂರಿ ಹೊರಗೆ ಕರೆಯುತ್ತದೆ, ಇದಕ್ಕಿಂತ ಇನ್ನೇನು ಬೇಕು ಎಂದು ಕಾಪ್ ಮೇಜು ತಟ್ಟಿದ. ಒಂದು ಗುರುವಾರ ಮಧ್ಯಾಹ್ನ ಗೊರ್ಯೊ ಊದುತ್ತ ಬೀದಿಯುದ್ದಕ್ಕೂ ಹೋದ. ಮೂವತ್ತೇಳೂ ಮನೆಯವರು ಹೊರಗೆ ಬಂದರು. ಕೈಯಲ್ಲಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತರು.

"ಶಾಲೆಗೆ ನಡೀರಿ!" ಎಂದು ಗೊರ್ಯೊ ಅರಚಿದ.

"ಹೋಗ್ತೀವಣ್ಣಾ, ಆರು ಬನ್ನು ಕೊಡು ಮೊದ್ಲು."

"ಬನ್ನಿಲ್ಲ! ಪ್ರವಾಹ ಬಂದಿದೆ ಅಂತ ತಿಳ್ಕೊಳ್ಳಿ!"

"ಬನ್ನಿಲ್ದೆ ಯಾಕಯ್ಯಾ ಊದ್ದೆ? ನಿದ್ದೆ ಹಾಳು."

ಮರುದಿನ ಬೆಳಿಗ್ಗೆ ಅವನು ನಿಜವಾಗಿ ಬನ್ನು ತಂದು ಊದಿದಾಗ ಅರ್ಧ ಬೀದಿ ಏಳಲೇ ಇಲ್ಲ. ಗೊರ್ಯೊ ಪ್ರಯೋಗದಿಂದ ಹಿಂದೆ ಸರಿದ.

ಬಿಯಾಂಗ್ ಇದನ್ನೆಲ್ಲ ಕಿಟಕಿಯಿಂದ ನೋಡಿದ್ದಳು. ಅವಳ ಮನಸ್ಸಿನಲ್ಲಿ ನಿಂತದ್ದು ಬೇರೆಯೇ ಸಂಗತಿ. ತುತ್ತೂರಿಗೆ ಎಲ್ಲರೂ ಹೊರಬಂದರು, ತನ್ನನ್ನು ಬಿಟ್ಟು. ತನ್ನ ಬಾಗಿಲಲ್ಲಿ ಯಾರೂ ಇಲ್ಲವೆಂದು ಒಬ್ಬರೂ ಗಮನಿಸಲಿಲ್ಲ. ಸದ್ದು ಮಾಡಿದವನಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಯಾರು ಉಳಿದರು ಎಂಬುದು ಯಾರ ಕೆಲಸವೂ ಅಲ್ಲ.

ಅಂದು ಸಂಜೆ ಅವಳು ಮಂಚದ ಕೆಳಗಿನ ಚೀಲ ಎಳೆದಳು. ಮೂವತ್ತು ವರ್ಷದಿಂದ ಕತ್ತರಿಸಿ ಉಳಿದ ಬಟ್ಟೆ ಅದರಲ್ಲಿದೆ. ಪ್ರತಿ ಮನೆಗೆ ಒಂದರಂತೆ, ಆ ಮನೆಯದೇ ತುಂಡು ಆರಿಸಿ, ಮೊಳದುದ್ದ ಮಡಚಿ ಹೊಲಿದಳು. ಮರುದಿನ ಅವುಗಳನ್ನು ಆಯಾ ಗೇಟಿಗೆ ಕಟ್ಟಿಸಿ, ನಿಯಮ ಹೇಳಿದಳು. ಹೊರಡುವ ಮುಂಚೆ ಪಕ್ಕದ ಮನೆಯ ಒಬ್ಬರನ್ನು ಕೈಯಿಂದ ಮುಟ್ಟಬೇಕು. ಮನೆಯಿಂದ ಕೊನೆಗೆ ಹೊರಡುವವರು ತಮ್ಮ ಬಟ್ಟೆ ಬಿಚ್ಚಿಕೊಂಡು ಶಾಲೆಗೆ ತರಬೇಕು. ಬಟ್ಟೆ ಬರದ ಮನೆಯಲ್ಲಿ ಯಾರೋ ಉಳಿದಿದ್ದಾರೆ ಎಂದರ್ಥ.

"ಕೂಗಿದ್ರೆ ಸಾಲದಾ, ಮನಾಯ್?"

"ಕೂಗಿದ್ದು ಲೆಕ್ಕಕ್ಕಿಲ್ಲ. ಮುಟ್ಬೇಕು."

ಮಕ್ಕಳಿಗೆ ಇದು ಕೂಡಲೇ ಹಿಡಿಸಿತು. ಅದು ಮುಟ್ಟಾಟವೇ, ದೊಡ್ಡವರೂ ಆಡಬೇಕಾದ ಮುಟ್ಟಾಟ. ದೊಡ್ಡವರಿಗೆ ಕಷ್ಟವಾದದ್ದು ಬಟ್ಟೆಯ ವಿಷಯ. ಗೊರ್ಯೊನ ಮನೆಗೆ ಬಂದದ್ದು ಮೈದಾ ಹಿಟ್ಟಿನ ಚೀಲದ ತುಂಡು, ಗಿರಣಿಯ ಅರ್ಧ ಹೆಸರಿನ ಸಮೇತ. ಅವನ ಒಳಚಡ್ಡಿಗಳೆಲ್ಲ ಯಾವುದರಿಂದ ಆಗಿವೆ ಎಂಬುದು ಹೀಗೆ ಜಗಜ್ಜಾಹೀರಾಯಿತು.

"ಬೇರೆ ಬಟ್ಟೆ ಇರ್ಲಿಲ್ವಾ?"

"ನಿನ್ನದು ಅಂತ ಬೇರೆ ಯಾವ್ದು ಹೊಲ್ಸಿದ್ದೀಯಾ?"

ಇನ್ನೊಬ್ಬಳು ತನ್ನ ಮದುವೆಯ ಲಂಗದ ತುಂಡು ನೋಡಿ ಸೊಂಟ ಮುಟ್ಟಿಕೊಂಡಳು. ಕಾಪ್‌ನ ಮನೆಗೆ ಸಿಕ್ಕಿದ್ದು ಅವರ ನಡುಮನೆಯ ಪರದೆಯ ಚೂರು, ಹಸಿರು ಬಣ್ಣ, ಮೇಲೆಲ್ಲ ಸಣ್ಣ ಸಣ್ಣ ಅನಾನಸ್. "ಪ್ಯಾಂಟಿನ ಬಟ್ಟೆ ಉಳೀಲಿಲ್ಲ, ಎಲ್ಲಾ ಸೊಂಟಕ್ಕೇ ಹೋಯ್ತು" ಎಂದು ಬಿಯಾಂಗ್ ವಿವರಿಸಿದಳು, ಬೀದಿಗೆಲ್ಲ ಕೇಳುವಂತೆ.

ಸೆಪ್ಟೆಂಬರ್ ಕೊನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಸೈರನ್ ಕೂಗಿತು. ಕಚೇರಿಯ ನಿಯಮದ ಪ್ರಕಾರ ಅದು ಕೂಗಲೇಬೇಕಿತ್ತು. ಮಕ್ಕಳು ಅಭ್ಯಾಸಬಲದಿಂದ ಮನೆಯತ್ತ ನಾಲ್ಕು ಹೆಜ್ಜೆ ಓಡಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ತಿರುಗಿದರು. ನದಿಯಂಚಿನಿಂದ ಮುಟ್ಟಾಟ ಶುರುವಾಯಿತು.

ಬಿಯಾಂಗ್ ಬಾಗಿಲಿಗೆ ಬೆನ್ನು ಹಾಕಿ ಯಂತ್ರದ ಮುಂದೆ ಕುಳಿತಿದ್ದಳು. ಕಿಟಕಿಗೆ ಬೇಕೆಂತಲೇ ಬಟ್ಟೆ ಇಳಿಬಿಟ್ಟಿದ್ದಳು. ಬೀದಿ ನೋಡಿ ತಿಳಿದರೆ ಅದು ಮೋಸ ಎಂದು ಅವಳ ವಾದ. ಮೂರಾಯಿತು, ಮೂರೂ ನಾಲ್ಕಾಯಿತು. ಸೂಜಿ ನೆಟ್ಟಗೆ ಹೋಗುತ್ತಿರಲಿಲ್ಲ. ಹೊಲಿಯುತ್ತಿದ್ದ ಅಂಗಿಯ ತೋಳನ್ನು ಆಮೇಲೆ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಐದನೆಯ ನಿಮಿಷಕ್ಕೆ ಅವಳ ಭುಜದ ಮೇಲೆ ಹಿಟ್ಟು ಮೆತ್ತಿದ ಕೈಯೊಂದು ಬಿತ್ತು. ಗೊರ್ಯೊ, ನಿದ್ದೆಗಣ್ಣಿನಲ್ಲಿ.

"ಮುಟ್ದೆ!" ಎಂದ.

"ಇಷ್ಟೊತ್ತು ಬೇಕಾ? ಮುಳುಗಿಹೋಗ್ತಿದ್ದೆ!" ಎನ್ನುತ್ತ ಅವಳು ಎದ್ದಳು. ದಾರಿಯ ಮುಂದಿನ ಮನೆಯಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದವಳ ತೋಳು ಮುಟ್ಟಿ, ತನ್ನ ಗೇಟಿಗೆ ಮರಳಿ ಕಪ್ಪು ತುಂಡು ಬಿಚ್ಚಿಕೊಂಡು ದಿಬ್ಬ ಹತ್ತಿದಳು. ಶಾಲೆಯ ಮೆಟ್ಟಿಲು ತಲುಪಿದಾಗ ಮೂರೂ ಹನ್ನೊಂದು. ಫ್ಲೋರ್ಡೆಲಿಸ್ ಗಡಿಯಾರ ನೋಡಿ ಗುರುತು ಹಾಕಿಕೊಂಡಳು.

ಶಾಲೆಯ ಜಗಲಿಗೆ ಒಂದು ಹಗ್ಗ ಕಟ್ಟಿದ್ದರು. ಬಂದವರು ತಂತಮ್ಮ ಬಟ್ಟೆ ಕೊಡುವುದು, ಬಿಯಾಂಗ್ ಹಗ್ಗಕ್ಕೆ ಹಾಕುವುದು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಚೌಕುಳಿ, ಗೀಟು, ಲಂಗದ ಕಸೂತಿ, ಮೈದಾ ಚೀಲ. ಮೂರೂ ಇಪ್ಪತ್ತೆರಡಕ್ಕೆ ಮೂವತ್ತೇಳು ತುಂಡುಗಳು ನೇತಾಡುತ್ತಿದ್ದವು. ಅವಳು ಹಗ್ಗದ ಆ ತುದಿಯಿಂದ ಈ ತುದಿಗೆ ಒಂದು ಸಲ ಕಣ್ಣಾಡಿಸಿದಳು.

"ಅನಾನಸ್ ಎಲ್ಲಿ?"

ಕಾಪ್ ಅಧಿಕಾರಿಯ ಪಕ್ಕದಲ್ಲಿ ಹೊಸ ಪ್ಯಾಂಟು ತೊಟ್ಟು ನಿಂತಿದ್ದ. ಅವನ ಹೆಂಡತಿ ಮೆಟ್ಟಿಲ ಮೇಲೆ ಗಾಳಿ ಬೀಸಿಕೊಳ್ಳುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಅಮ್ಮನ್ನ ನೀವು ಕರ್ಕೊಂಡು ಬರ್ತೀರ ಅಂದ್ಕೊಂಡೆ" ಎಂದಳು ಹೆಂಡತಿ.

"ನಾನು ಸೈರನ್ ಒತ್ತೋಕೆ ಹೋಗಿದ್ನಲ್ಲೇ! ನಿನ್ನಮ್ಮ, ನೀನು ತಾನೇ..."

"ನನ್ನನ್ನ ಗೇಟಲ್ಲೇ ಮುಟ್ಬಿಟ್ರು. ನಾನು ಹೊರಟೆ."

ನಾಲ್ವರು ಗಂಡಸರು ಕೆಳಗೆ ಓಡಿದರು. ಕಾಪ್‌ನ ಅತ್ತೆ, ಎಂಬತ್ತಮೂರು ವರ್ಷದ ಇನ್ನಾ ಅಜ್ಜಿ, ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕುಳಿತು ಸಿಕ್ಕುಗಟ್ಟಿದ ದಾರ ಬಿಡಿಸುತ್ತಿದ್ದಳಂತೆ. ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಮೆರವಣಿಗೆಯ ಸಂತನ ಹಾಗೆ ಅಜ್ಜಿ ಎರಡೂ ಕಡೆಗೆ ಕೈಬೀಸುತ್ತ, ತೊಡೆಯ ಮೇಲೆ ಅನಾನಸ್ ತುಂಡು ಇಟ್ಟುಕೊಂಡು ಶಾಲೆಯಂಗಳಕ್ಕೆ ಬಂದಾಗ ಮೂರೂ ನಲವತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಫ್ಲೋರ್ಡೆಲಿಸ್ ನಮೂನೆ ತೆಗೆದು ಅಜ್ಜಿಯ ಮುಂದೆ ಕುಳಿತಳು. "ಅಜ್ಜಿ, ಸೈರನ್ ಕೇಳಿಸ್ತಾ?"

"ಯಾಕೆ ಕೇಳ್ಸಲ್ಲ? ನನ್ನ ಕಿವಿಗೇನಾಗಿದೆ?"

"ಮತ್ತೆ ಯಾಕೆ ಹೊರಡ್ಲಿಲ್ಲ?"

"ಅದು ಮನೆಗೆ ಹೋಗು ಅಂತ ಕೂಗೋದು. ನಾನು ಮನೇಲೇ ಇದ್ದೆ."

ಫ್ಲೋರ್ಡೆಲಿಸ್ ಹೌದು ಎಂಬ ಚೌಕದಲ್ಲಿ ಗುರುತು ಹಾಕಲು ಹೋಗಿ ನಿಲ್ಲಿಸಿದಳು. ಆಮೇಲೆ ಗುರುತು ಹಾಕಿ, ಬಿಯಾಂಗಳ ಕಡೆ ತಿರುಗಿ, ಹೇಳಿಸಿಕೊಳ್ಳದೆಯೇ ಗಲ್ಲ ಮೇಲೆತ್ತಿ ಕೇಳಿದಳು.

"ಮನಾಯ್, ಸೈರನ್ ಕೇಳಿಸಿತೇ? ಇದರಲ್ಲಿ ಎರಡೇ ಚೌಕ ಇರೋದು."

ಅಧಿಕಾರಿಯ ಬೆನ್ನ ಹಿಂದೆ ಇಡೀ ಊರು ತಲೆಯಾಡಿಸತೊಡಗಿತು. ಹೌದು ಅನ್ನು, ಹೌದು ಅನ್ನು ಎಂದು ಮೂವತ್ತೇಳು ಮನೆಯ ತುಟಿಗಳು ಸದ್ದಿಲ್ಲದೆ ಹೇಳುತ್ತಿದ್ದವು. ಕಾಪ್ ಮೀಸೆಯನ್ನು ಬೆರಳಿಂದ ಮೇಲೆತ್ತಿ ಹಿಡಿದು ತುಟಿ ತೋರಿಸಿದ. ಗೊರ್ಯೊ ಕೈಮುಗಿದ. ಒಂದು ಮಾತು ಅಂದರೆ ಸಾಕು, ಮನೆ ಉಳಿಯುತ್ತಿತ್ತು.

ಬಿಯಾಂಗ್ ಎಲ್ಲವನ್ನೂ ಓದಿಕೊಂಡಳು.

"ಇಲ್ಲ" ಎಂದಳು. ಅದು ನದಿಯಾಚೆಯ ದಡಕ್ಕೂ ಹೋಯಿತು. "ಹೌದು ಅಂದ್ರೆ ನಿಮ್ಮ ಆ ಕೂಗೋ ಡಬ್ಬಿ ಚೆನ್ನಾಗಿ ಕೆಲಸ ಮಾಡಿತು ಅಂತ ಬರ್ಕೊಳ್ತೀರಿ. ನಾಳೆ ನನ್ನಂಥ ಇನ್ನೊಬ್ಬಳ ಮನೆ ಮುಂದೆ ಅದನ್ನೇ ತಂದು ನಿಲ್ಲಿಸ್ತೀರಿ. ನನಗೆ ಕೇಳಿಸ್ಲಿಲ್ಲ ಮಗಳೇ. ಗೊರ್ಯೊ ಮುಟ್ಟಿದ. ಹಿಟ್ಟು ಇನ್ನೂ ಇದೆ, ನೋಡು." ತಿರುಗಿ ಭುಜ ತೋರಿಸಿದಳು.

"ಮನಾಯ್, ಇಲ್ಲ ಅಂತ ಹಾಕಿದ್ರೆ ನಿಮ್ಮ ಹೆಸರು ಪಟ್ಟೀಲಿ ಹಾಗೇ ಉಳಿಯುತ್ತೆ."

"ಹಾಕು."

ಫ್ಲೋರ್ಡೆಲಿಸ್ ಹಾಕಿದಳು. ನಂತರ ಇನ್ನೊಂದು ಹಾಳೆ ತೆಗೆದುಕೊಂಡು ಶಾಲೆಯ ಬೆಂಚಿನ ಮೇಲೆ ಕುಳಿತು ಗೀಟು ಎಳೆದಳು. ಎಷ್ಟು ಹೊತ್ತಿಗೆ ಬಂದರು, ಯಾರು ಕರೆತಂದರು, ಸೈರನ್ ಕೇಳಿ ಏನು ಮಾಡಿದರು: ಮೂರು ಅಂಕಣ. ಮೂವತ್ತೆಂಟು ಮನೆಯವರನ್ನೂ ಹಗ್ಗದ ಮುಂದೆ ಸಾಲಾಗಿ ನಿಲ್ಲಿಸಿ ಕೇಳಿದಳು. ಬಟ್ಟೆ ನೋಡಿ ಮನೆಯ ಹೆಸರು ಹೇಳುವ ಕೆಲಸ ಬಿಯಾಂಗಳದು. ಕೈಬರಹದ ಆ ಹಾಳೆಯನ್ನು ಅಚ್ಚಾದ ನಮೂನೆಯ ಮೇಲೆ ಪಿನ್ನು ಹೊಡೆದು, ಇನ್ನಾ ಅಜ್ಜಿಯ ಉತ್ತರದ ಕೆಳಗೆ ಎರಡು ಗೀಟೆಳೆದು, ಸಂಜೆ ಬಸ್ಸಿನಲ್ಲಿ ಪಟ್ಟಣಕ್ಕೆ ಒಯ್ದಳು.

ಹನ್ನೆರಡು ದಿನ ಉತ್ತರ ಬರಲಿಲ್ಲ. ಆ ಹನ್ನೆರಡು ದಿನ ಬಿಯಾಂಗ್ ಹೊಸ ಹೊಲಿಗೆ ಒಪ್ಪಿಕೊಳ್ಳಲಿಲ್ಲ; ಹಳೆಯದನ್ನೆಲ್ಲ ಮುಗಿಸಿ ಕೊಟ್ಟಳು. ಗೊರ್ಯೊ ಯಂತ್ರ ಸಾಗಿಸಲು ಹಲಗೆಯ ಪೆಟ್ಟಿಗೆ ಮಾಡಲೇ ಎಂದು ಕೇಳಿ ಬೈಸಿಕೊಂಡ. ಕಾಪ್ ಮೂರು ಸಲ ಪಟ್ಟಣಕ್ಕೆ ಹೋಗಿಬಂದ. ಅಲ್ಲಿ ಏನು ಹೇಳಿದ ಎಂದು ಕೇಳಿದರೆ, ಅತ್ತೆಯ ವಿಷಯ ಎಲ್ಲರೆದುರು ಒಪ್ಪಿಕೊಂಡೆ ಎಂದು ಬರೆದು ತೋರಿಸಿದ.

ಹದಿಮೂರನೆಯ ದಿನ ಪತ್ರ ಬಂತು. ಒರ್ಬೆ, ಬಿಬಿಯಾನಾ ಅವರ ಹೆಸರನ್ನು ಸ್ಥಳಾಂತರದ ಪಟ್ಟಿಯಿಂದ ಮುಂದಿನ ತಾಲೀಮಿನವರೆಗೆ ತೆಗೆಯಲಾಗಿದೆ. ಬಲೊಗೊನ್‌ನಲ್ಲಿ ಪ್ರವಾಹಕ್ಕೆ ಇನ್ನು ಸೈರನ್ ಬಳಸತಕ್ಕದ್ದಲ್ಲ; ನದಿಯಂಚಿನ ಮೊದಲ ಮನೆಯಿಂದ ಮುಟ್ಟುತ್ತ ಬರತಕ್ಕದ್ದು. ನಡೆಯಲಾಗದವರ ಮನೆಗೆ ಬಟ್ಟೆಯ ಜೊತೆ ಇಬ್ಬರು ಹೊರುವವರ ಹೆಸರನ್ನೂ ಬರೆದಿಡತಕ್ಕದ್ದು.

ಬಿಯಾಂಗ್ ಓದಿ, ಮಡಚಿ, ಯಂತ್ರದ ಸೂಜಿಗೆ ದಾರ ಪೋಣಿಸಿದಳು.

ಪತ್ರದ ಕೊನೆಯ ಸಾಲಿನಂತೆ, ಮುಂದಿನ ತಾಲೀಮು ಜೂನ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಆರಕ್ಕೆ.